ಜರಿಯಂಚಿನ ಜೋಪಾನ

ಸೀರೆಗೆ ಬೀರು ಉಂಟು, ಒಡವೆಗೆ ಪೆಟ್ಟಿಗೆ ಉಂಟು, ಉಪ್ಪಿನಕಾಯಿಗೂ ತನ್ನದೇ ಆದ ಭರಣಿ ಉಂಟು. ಟೇಪು, ಲೇಸು, ಜರಿಯಂಚುಗಳಿಗೆ ಮಾತ್ರ ನಮ್ಮ ಮನೆಗಳಲ್ಲಿ ಗೊತ್ತಾದ ನೆಲೆಯೆಂಬುದಿಲ್ಲ. ಹೊಲಿಗೆಯಂತ್ರದ ಡ್ರಾಯರಿನಲ್ಲಿ ಒಂದಿಷ್ಟು, ಬಿಸ್ಕತ್ತಿನ ಡಬ್ಬಿಯಲ್ಲಿ ಒಂದಿಷ್ಟು, ಟ್ರಂಕಿನ ತಳದಲ್ಲಿ ಹಳೆಯ ದಿನಪತ್ರಿಕೆಯೊಳಗೆ ಸುತ್ತಿಟ್ಟದ್ದು ಇನ್ನಷ್ಟು. ಶಾಲೆಯ ವಾರ್ಷಿಕೋತ್ಸವಕ್ಕೆ ಮಗಳ ಎರಡು ಜಡೆಗೆ ಕೆಂಪು ಟೇಪು ಬೇಕೆಂದು ಹಿಂದಿನ ರಾತ್ರಿ ಡಬ್ಬಿಯ ಮುಚ್ಚಳ ತೆರೆದರೆ ಒಳಗಿರುವುದೆಲ್ಲ ಒಂದೇ ಉಂಡೆ. ಕೆಂಪಿನ ತುದಿ ಹಿಡಿದು ಎಳೆದರೆ ಹಸಿರು ಬರುತ್ತದೆ. ಹಸಿರಿನೊಡನೆ ಎರಡು ಗುಂಡಿ, ತುಕ್ಕು ಹಿಡಿದ ಒಂದು ಗುಂಡುಸೂಜಿ. ಬೆಳಗಾದರೆ ಅಂಗಡಿಯಿಂದ ಮತ್ತೆರಡು ಮೀಟರು ಟೇಪು ಬರುತ್ತದೆ. ಮೊದಲಿನದು ಉಂಡೆಯಲ್ಲಿಯೇ ಉಳಿಯುತ್ತದೆ.

ಕೈಬಿಟ್ಟು ಹೋದದ್ದು ಎರಡು ಮೀಟರು ಟೇಪಷ್ಟೇ ಆದರೆ ಚಿಂತಿಸಬೇಕಾದುದೇನೂ ಇಲ್ಲ. ಆದರೆ ಅನೇಕ ಮನೆಗಳಲ್ಲಿ ಅದೇ ಡಬ್ಬಿಯ ಅಡಿಯಲ್ಲಿ, ಅಜ್ಜಿಯ ಧಾರೆಸೀರೆ ಹರಿದ ಮೇಲೆ ಬಿಚ್ಚಿ ತೆಗೆದ ಜರಿಯಂಚೂ ಮೂರು ತಲೆಮಾರಿನ ಹಸುಗೂಸುಗಳ ತಲೆಗೇರಿದ ಕುಲಾವಿಯ ಲೇಸೂ ಮಲಗಿರುತ್ತವೆ. ಅವನ್ನು ಯಾವ ಅಂಗಡಿಯೂ ಮತ್ತೆ ಕೊಡಲಾರದು. ಟೇಪಾಗಲಿ ಅಂಚಾಗಲಿ ತೊಟ್ಟು ಸವೆದು ಹಾಳಾಗುವುದು ಕಡಿಮೆ. ಕೆಡುವುದು ಹೆಚ್ಚಾಗಿ ಇಟ್ಟಲ್ಲಿಯೇ, ಯಾರೂ ನೋಡದಿರುವಾಗ.

ಆದಕಾರಣ ಮೊದಲ ಕೆಲಸವೆಂದರೆ ಇದ್ದುದನ್ನೆಲ್ಲ ಚಾಪೆಯ ಮೇಲೆ ಸುರಿದುಕೊಂಡು ಎರಡು ರಾಶಿ ಮಾಡುವುದು. ಬಳಸುವಂಥದು ಒಂದು, ಉಳಿಸುವಂಥದು ಇನ್ನೊಂದು. ಇವೆರಡಕ್ಕೂ ಸಲ್ಲಬೇಕಾದ ಉಪಚಾರ ಒಂದಕ್ಕೊಂದು ವಿರುದ್ಧ. ಬಳಸುವ ಟೇಪು ಕಣ್ಣಿಗೆ ಬೀಳುವಂತಿರಬೇಕು, ಕಂಡ ಕೂಡಲೇ ಕೈಗೆ ಸಿಗಬೇಕು. ಉಳಿಸುವ ಅಂಚು ಕತ್ತಲೆಯಲ್ಲಿರಬೇಕು, ಪದೇ ಪದೇ ಅದಕ್ಕೆ ಕೈ ಸೋಕಬಾರದು. ಎರಡನ್ನೂ ಒಂದೇ ಡಬ್ಬಿಗೆ ತುಂಬುವುದರಿಂದ ಬಳಸುವುದು ಸಿಗುವುದಿಲ್ಲ, ಉಳಿಸುವುದು ಉಳಿಯುವುದಿಲ್ಲ.

ಯಾವುದು ಯಾವ ನೂಲಿನದೆಂಬುದನ್ನೂ ಆಗಲೇ ತಿಳಿದುಕೊಳ್ಳುವುದು ಒಳ್ಳೆಯದು. ಸ್ಯಾಟಿನ್ ಎಂಬುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ಹಿಂದೆ ಅದು ರೇಷ್ಮೆಯಲ್ಲಿ ಬರುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವುದು ಬಹುಮಟ್ಟಿಗೆ ಪಾಲಿಯೆಸ್ಟರು. ಅನುಮಾನವಿದ್ದರೆ ಒಂದೆರಡು ಎಳೆಗಳನ್ನು ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಸ್ಟೀಲು ತಟ್ಟೆಯ ಮೇಲೆ ಉರಿಗೆ ತೋರಿಸಿರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯೂ ರೇಯಾನೂ ಕಾಗದದಂತೆ ಉರಿದು ಬೂದಿಯಾಗುತ್ತವೆ. ಪಾಲಿಯೆಸ್ಟರು ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಈ ಕೊನೆಯ ಗುಣದಿಂದ ಒಂದು ಉಪಯೋಗವೂ ಉಂಟು: ಪಾಲಿಯೆಸ್ಟರು ಟೇಪಿನ ಕತ್ತರಿಸಿದ ತುದಿಯನ್ನು ಮೋಂಬತ್ತಿಯ ಉರಿಯ ಹತ್ತಿರಕ್ಕೆ ಕ್ಷಣಮಾತ್ರ ಒಯ್ದರೆ ಅಂಚು ಕರಗಿ ಕೂಡಿಕೊಂಡು ಎಳೆ ಬಿಚ್ಚುವುದು ನಿಲ್ಲುತ್ತದೆ. ರೇಷ್ಮೆ, ಹತ್ತಿಗಳಿಗೆ ಈ ಉಪಾಯ ಕೂಡದು. ಅವಕ್ಕೆ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಸಾಕು.

ಇನ್ನು ಸುತ್ತುವ ವಿಷಯ. ಟೇಪನ್ನು ಮಡಿಸಬಾರದು, ಗಂಟು ಕಟ್ಟಬಾರದು, ಬೆರಳಿಗೆ ಸುತ್ತಿ ನಡುವೆ ಬಿಗಿಯಬಾರದು. ಮದುವೆಯ ಋತು ಕಳೆಯುವಷ್ಟರಲ್ಲಿ ದಪ್ಪ ರಟ್ಟಿನ ಲಗ್ನಪತ್ರಿಕೆಗಳು ಒಂದು ಕಟ್ಟಿನಷ್ಟಾದರೂ ಸೇರದ ಮನೆ ನಮ್ಮಲ್ಲಿ ವಿರಳ. ಅವನ್ನು ಮೂರು ಅಂಗುಲ ಅಗಲ, ನಾಲ್ಕು ಅಂಗುಲ ಉದ್ದಕ್ಕೆ ಕತ್ತರಿಸಿ, ಒಂದು ಬದಿಯಲ್ಲಿ ಸಣ್ಣ ಕಚ್ಚು ಕೊಟ್ಟರೆ ಲೇಸು ಸುತ್ತಿಡಲು ಸೊಗಸಾದ ಪಟ್ಟಿ ಸಿದ್ಧವಾಗುತ್ತದೆ. ಕೊನೆಯ ತುದಿ ಕಚ್ಚಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಸ್ಯಾಟಿನಿಗೆ ಈ ಪಟ್ಟಿಯ ಚೂಪಾದ ಅಂಚು ಆಗದು. ಸುತ್ತುಸುತ್ತಿಗೂ ಅಡ್ಡಗೆರೆ ಬೀಳುತ್ತದೆ. ಅದಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಸುರುಳಿ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯನ್ನು ತುಂಡರಿಸಿ ಉಪಯೋಗಿಸಬಹುದು. ಮಖಮಲ್ಲಿನ ಟೇಪನ್ನು ಇನ್ನೂ ಸಡಿಲವಾಗಿ, ರೋಮದ ಮುಖ ಹೊರಗಿರುವಂತೆ ಸುತ್ತಬೇಕು. ಒಮ್ಮೆ ಅಮುಕಿಹೋದ ರೋಮ ಎದ್ದು ನಿಲ್ಲುವುದು ಕಷ್ಟ.

ತುದಿಯನ್ನು ಹಿಡಿಸುವುದರಲ್ಲಿಯೇ ಹೆಚ್ಚಿನ ಅನಾಹುತ ನಡೆಯುವುದು. ಗುಂಡುಸೂಜಿ ಮಳೆಗಾಲದಲ್ಲಿ ತುಕ್ಕು ಹಿಡಿದು, ಸುಲಭವಾಗಿ ಹೋಗದ ಕೆಂಪು ಚುಕ್ಕೆಯನ್ನು ಬಿಡುತ್ತದೆ. ರಬ್ಬರ್ ಬ್ಯಾಂಡು ಕಾಲಕ್ರಮದಲ್ಲಿ ಅಂಟಂಟಾಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಸೆಲ್ಲೋಟೇಪಿನ ಅಂಟು ಹಳದಿಯಾಗಿ ನೇಯ್ಗೆಯೊಳಗೆ ಇಳಿಯುತ್ತದೆ. ಬಿಳಿಯ ಹತ್ತಿನೂಲಿನಲ್ಲಿ ಸಡಿಲವಾಗಿ ಹಾಕಿದ ಎರಡು ಹೊಲಿಗೆಗಿಂತ ಉತ್ತಮವಾದುದು ಈ ಕೆಲಸಕ್ಕೆ ಬೇರೊಂದಿಲ್ಲ.

ಸುತ್ತುವ ಮುನ್ನ ಅಳೆಯಿರಿ. ಹೂವಿನಂತೆ ಮೊಳ ಹಾಕಿದರೆ ಸಾಲದು, ಹೂವಾಡಗಿತ್ತಿಯ ಮೊಳಕ್ಕೂ ಕೊಳ್ಳುವವರ ಮೊಳಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು! ಅಳತೆಪಟ್ಟಿ ಹಿಡಿದು ಅಳೆದು, ಉದ್ದವನ್ನು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ತೇವಕ್ಕೆ ಹರಡುತ್ತದೆ. ಮನೆಯಲ್ಲಿ ಕುಳಿತು ಕುಚ್ಚು ಕಟ್ಟಿ, ರವಿಕೆ ಹೊಲಿದು ಸಂಸಾರಕ್ಕೆ ನಾಲ್ಕು ಕಾಸು ಸೇರಿಸುವ ಗೃಹಿಣಿಗೆ ಈ ಒಂದು ಅಂಕಿಯೇ ಲಾಭನಷ್ಟದ ಲೆಕ್ಕ. ಸೀರೆಯ ಉದ್ದ ಸುಮಾರು 5.5 ಮೀಟರು, ಎರಡೂ ಅಂಚಿಗೆ ಲೇಸು ಹಚ್ಚಲು 11 ಮೀಟರು ಬೇಕು, ಸೆರಗಿನದು ಬೇರೆ. ಹೊಲಿದು ಉಳಿದ 5 ಮೀಟರಿನ ತುಂಡು ಇನ್ನೊಂದು ಸೀರೆಗೆ ಸಾಲದೆಂದು ಮೂಲೆ ಸೇರುತ್ತದೆ. ತೋಳಿನ ಸುತ್ತಳತೆ 32 ಸೆಂಟಿಮೀಟರು ಎಂದಿಟ್ಟುಕೊಂಡರೆ ಅದೇ ತುಂಡು ಏಳು ರವಿಕೆಗಳಿಗೆ ಸಾಕು. ಅರ್ಧ ಮೀಟರಿಗಿಂತ ಚಿಕ್ಕ ತುಂಡುಗಳಿಗೂ ಒಂದು ಪ್ರತ್ಯೇಕ ಡಬ್ಬಿ ಇರಲಿ. ದಸರೆಯಲ್ಲಿ ಪಟ್ಟದ ಗೊಂಬೆಗೆ ಸೀರೆ ಉಡಿಸಲು ಅದಕ್ಕಿಂತ ಉದ್ದದ ಅಂಚು ಏಕೆ?

ಬಳಸುವ ಟೇಪುಗಳನ್ನು ಬಣ್ಣದ ಪ್ರಕಾರ ಜೋಡಿಸುವುದು ಲೇಸೆಂದು ನನ್ನ ಅಭಿಪ್ರಾಯ. ಅಗಲದ ಪ್ರಕಾರ ಇಡುವವರೂ ಉಂಟು. ಆದರೆ ಹುಡುಕುವಾಗ ಕಣ್ಣು ಮೊದಲು ಕೇಳುವುದು ಬಣ್ಣವನ್ನೇ. ಹಳೆಯ ಪರದೆಯ ಕೋಲೊಂದನ್ನು ಬೀರುವಿನ ಒಳಗೆ ಅಡ್ಡಲಾಗಿ ಕೂಡಿಸಿ ಸುರುಳಿಗಳನ್ನು ಪೋಣಿಸಿದರೆ, ಬೇಕಾದ ಬಣ್ಣವನ್ನು ಎಳೆದು ಕತ್ತರಿಸಿಕೊಳ್ಳಬಹುದು. ಬೀರುವಿನ ಒಳಗೆ ಎಂದೆ. ಬೆಂಗಳೂರಿನ ಮಾಮೂಲುಪೇಟೆಯ ಅಂಗಡಿಗಳಲ್ಲಿ ಸಾಲುಸಾಲಾಗಿ ಇಳಿಬಿಟ್ಟ ಬಣ್ಣಬಣ್ಣದ ಟೇಪುಗಳನ್ನು ಕಂಡು, ಮನೆಯ ಗೋಡೆಗೂ ಹಾಗೆಯೇ ತೂಗುಹಾಕುವ ಆಸೆ ಹುಟ್ಟುವುದು ಸಹಜ. ಅಂಗಡಿಯವನ ಸರಕು ಬೇಗ ಬೇಗ ಮಾರಾಟವಾಗಿ ಹೊಸದು ಬರುತ್ತದೆ. ಮನೆಯದು ವರ್ಷಗಟ್ಟಲೆ ತೂಗುತ್ತದೆ. ಬೆಳಕಿನಿಂದ ಬಣ್ಣಕ್ಕೆ ಆಗುವ ಹಾನಿ ದಿನದಿನವೂ ಕೂಡುತ್ತಾ ಹೋಗುತ್ತದೆ, ಕತ್ತಲೆಯಲ್ಲಿಟ್ಟರೆ ಮರಳಿ ಬರುವಂಥದಲ್ಲ. ಅದರಲ್ಲಿಯೂ ರೇಷ್ಮೆ ಬಿಸಿಲನ್ನು ತಾಳಲಾರದು. ಹಳದಿಯಾಗಿ, ಸತ್ವಗುಂದಿ, ಮುಟ್ಟಿದಲ್ಲಿ ಬಿರಿಯುತ್ತದೆ.

ಜಡೆಯಿಂದ ಬಿಚ್ಚಿದ ಟೇಪನ್ನು ಒಗೆಯದೆ ಸುತ್ತಿಡುವ ಅಭ್ಯಾಸವನ್ನೂ ಬಿಡತಕ್ಕದ್ದು. ತಲೆಯ ಎಣ್ಣೆ ಕಮಟಾಗುವುದಲ್ಲದೆ, ಜಿಡ್ಡು ಬೆವರುಗಳಿಗೆ ಹುಳು ಬಲುಬೇಗ ಬರುತ್ತದೆ. ಕ್ರೋಷಾ ಲೇಸಿಗೆ ಗಂಜಿ ಹಾಕಿ ಇಡುವುದೂ ಹುಳುವಿಗೆ ಊಟ ಬಡಿಸಿದಂತೆಯೇ. ಗಂಜಿಯನ್ನು ತೊಳೆದು ತೆಗೆದಿಡಿ, ಬೇಕಾದ ದಿನ ಹಾಕಿಕೊಳ್ಳಬಹುದು.

ಉಳಿಸುವ ರಾಶಿಯ ಮುಖ್ಯ ಸದಸ್ಯ ಜರಿ. ಸೂರತ್ತು ಜರಿಗೆ ಹೆಸರಾದ ಊರು. ಅಸಲು ಜರಿಯೆಂದರೆ ರೇಷ್ಮೆನೂಲಿನ ಸುತ್ತ ಚಪ್ಪಟೆ ಮಾಡಿದ ಬೆಳ್ಳಿಯ ತಂತಿಯನ್ನು ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ಈಗ ನಡೆಸುತ್ತಿರುವ ಸರ್ಕಾರಿ ನಿಗಮವು ತನ್ನ ಜರಿಯಲ್ಲಿ ಶೇಕಡ 65 ಬೆಳ್ಳಿ, ಶೇಕಡ 0.65 ಚಿನ್ನ ಇರುವುದಾಗಿ ಹೇಳುತ್ತದೆ. ಅಂದರೆ ನಮ್ಮ ಕಣ್ಣಿಗೆ ಚಿನ್ನವಾಗಿ ತೋರುವುದು ಬಹುಪಾಲು ಬೆಳ್ಳಿಯೇ, ಮತ್ತು ಬೆಳ್ಳಿಯ ಶತ್ರು ಗಂಧಕ. ಗಾಳಿಯಲ್ಲಿರುವ ಗಂಧಕದ ಅನಿಲ ತೆಳುವಾದ ಚಿನ್ನದ ಲೇಪದ ಸಂದಿಯಲ್ಲಿ ನುಸುಳಿ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ರಬ್ಬರನ್ನು ಗಟ್ಟಿಮಾಡುವುದು ಗಂಧಕದಿಂದಲೇ. ಆದ್ದರಿಂದ ಜರಿಯ ಸುರುಳಿಗೆ ರಬ್ಬರ್ ಬ್ಯಾಂಡು ಹಾಕುವುದೆಂದರೆ ಶತ್ರುವನ್ನು ಮಗ್ಗುಲಲ್ಲಿಯೇ ಮಲಗಿಸಿದಂತೆ. ಉಣ್ಣೆಯ ಶಾಲಿನಲ್ಲಿ ಸುತ್ತುವುದೂ ಬೇಡ, ಉಣ್ಣೆಯಲ್ಲಿಯೂ ಗಂಧಕ ಉಂಟು. ದಿನಪತ್ರಿಕೆಯ ಅಗ್ಗದ ಕಾಗದದಲ್ಲಿ ಆಮ್ಲ ಹುಟ್ಟುತ್ತದೆ, ಮಸಿಯೂ ಹತ್ತುತ್ತದೆ. ನೀಲಿಯಾಗಲಿ ಗಂಜಿಯಾಗಲಿ ಇಲ್ಲದೆ ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯ ತುಂಡು ಇದಕ್ಕೆ ಪ್ರಶಸ್ತ. ದಪ್ಪ ಕೊಳವೆಯ ಮೇಲೆ ಮೊದಲು ಆ ಬಟ್ಟೆ, ಅದರ ಮೇಲೆ ಅಂಚು, ಅಂಚಿನೊಡನೆಯೇ ಮತ್ತೊಂದು ಪದರ ಬಟ್ಟೆ. ಮಡಿಕೆ ಬಿದ್ದಲ್ಲಿ ತಂತಿ ಮುರಿದು ಒಳಗಿನ ನೂಲು ಇಣುಕುತ್ತದೆ.

ಕಪ್ಪಾದ ಜರಿಯನ್ನು ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು, ನಿಂಬೆಹಣ್ಣುಗಳಿಂದ ಉಜ್ಜಲು ಹೊರಡುವವರು ದಯವಿಟ್ಟು ಕೈ ತಡೆಯಬೇಕು. ಉಜ್ಜಿದರೆ ಇದ್ದ ಚಿನ್ನದ ಲೇಪವೂ ಹೋಗಿ, ಹುಳಿ ರೇಷ್ಮೆಯೊಳಗೆ ಇಳಿಯುತ್ತದೆ. ಹೀಗೆ ಕಪ್ಪಾದ ಅಂಚು ಸತ್ತುಹೋಯಿತೆಂದು ತಿಳಿದು, ಹಳೆಯ ಜರಿ ಕೊಳ್ಳುತ್ತೇನೆಂದು ಬೀದಿಯಲ್ಲಿ ಕೂಗಿ ಬರುವವನಿಗೆ ಕೊಟ್ಟುಬಿಟ್ಟವರು ಎಷ್ಟು ಮಂದಿಯೋ. ಅವನು ಅದನ್ನು ಸುಡಿಸಿ ಬೆಳ್ಳಿ ತೆಗೆಸುತ್ತಾನೆ. ಕಪ್ಪಾದುದಕ್ಕೂ ಅವನು ಹಣ ಎಣಿಸಿಕೊಡುವನೆಂದಮೇಲೆ ಒಳಗಿನ ಬೆಳ್ಳಿ ಎಲ್ಲಿಗೂ ಹೋಗಿಲ್ಲವೆಂದಾಯಿತಲ್ಲವೆ? ತಾಮ್ರದ ಮೇಲೆ ಲೇಪ ಕೊಟ್ಟ ಅರೆ ಜರಿ ಹಸಿರುಗಟ್ಟುತ್ತದೆ. ಅದನ್ನು ಅಸಲಿನ ಜೊತೆಯಲ್ಲಿ ಸುತ್ತಬಾರದು. ಪ್ಲಾಸ್ಟಿಕ್ ಜರಿಗೆ ಈ ರೋಗವಿಲ್ಲ, ಆಯುಸ್ಸೂ ಅಷ್ಟಿಲ್ಲ.

ನುಸಿಗುಳಿಗೆಯ ಬಗ್ಗೆ ಒಂದು ಎಚ್ಚರಿಕೆ. ಅದು ಜರಿಗೆ ತಾಗಬಾರದೆಂಬುದು ಹಲವರಿಗೆ ಗೊತ್ತು. ಕುಲಾವಿಯ ಹತ್ತಿರಕ್ಕಂತೂ ಅದನ್ನು ತರಲೇಕೂಡದು. ನುಸಿಗುಳಿಗೆಯ ವಾಸನೆ ಹಿಡಿದ ಬಟ್ಟೆ ತೊಡಿಸಿದ್ದರಿಂದ, ರಕ್ತದಲ್ಲಿ ಒಂದು ಬಗೆಯ ಹುಟ್ಟುಕೊರತೆಯಿರುವ ಕೂಸುಗಳಿಗೆ ರಕ್ತಕಣಗಳು ಒಡೆದು ತೀವ್ರವಾದ ಕಾಮಾಲೆ ಬಂದ ಪ್ರಸಂಗಗಳಿವೆ. ಆ ಕೊರತೆ ಹೊರಗಿನಿಂದ ನೋಡಿದರೆ ತಿಳಿಯುವಂಥದಲ್ಲ. ಲಾವಂಚದ ಬೇರಿನ ಪರಿಮಳ ಹಿತವಾದುದು, ಇಡುವವರು ಇಡಲಿ. ಆದರೆ ಹುಳುವನ್ನು ತಡೆಯುವುದು ಸ್ವಚ್ಛತೆ, ಮತ್ತು ವರ್ಷಕ್ಕೊಮ್ಮೆಯಾದರೂ ತೆರೆದು ನೋಡುವ ಕಣ್ಣು.

ಹೀಗೆ ತೆರೆಯಲು ಪಂಚಾಂಗವೇ ನಮಗೊಂದು ದಿನ ಗೊತ್ತುಮಾಡಿಕೊಟ್ಟಿದೆ. ಮಳೆ ಹಿಂದೆಗೆದು ಗಾಳಿ ಒಣಗುವ ಆಶ್ವಯುಜದಲ್ಲಿ ಗೊಂಬೆಗಳ ಪೆಟ್ಟಿಗೆ ಹೇಗೂ ಕೆಳಗಿಳಿಯುತ್ತದೆ. ಅದೇ ದಿನ ಅಂಚುಗಳ ಕಟ್ಟನ್ನೂ ಬಿಚ್ಚಿ, ನೆರಳಿನಲ್ಲಿ ಒಂದೆರಡು ಗಂಟೆ ಹರವಿ, ಬೇರೆ ತುದಿಯಿಂದ ಸುತ್ತಿರಿ. ಮಲೆನಾಡಿನವರೂ ಕರಾವಳಿಯವರೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿಡುವುದನ್ನು ಬಿಡಬೇಕು, ಒಳಗೆ ಸಿಕ್ಕ ತೇವ ಅಲ್ಲಿಯೇ ಬೂಷ್ಟು ಬೆಳೆಸುತ್ತದೆ.

ಮತ್ತೆ ಬಟ್ಟೆಯನ್ನು ಕಟ್ಟುವ ಮೊದಲು ಒಂದು ಚೀಟಿ ಬರೆದಿಡಿ. ಅಂಚು ಯಾರ ಸೀರೆಯದು, ಆ ಸೀರೆಯ ಮೈಬಣ್ಣವೇನು, ಯಾವ ವರ್ಷ ಯಾವ ಊರಿನಲ್ಲಿ ಕೊಂಡದ್ದು, ಯಾರ ಮದುವೆಗೆ, ಈಗ ಎಷ್ಟು ಉದ್ದ ಉಳಿದಿದೆ. ಕೊನೆಯ ಪ್ರಶ್ನೆಗೆ ಅಳತೆಪಟ್ಟಿ ಉತ್ತರ ಕೊಡುತ್ತದೆ. ಮಿಕ್ಕವನ್ನು ಮನೆಯ ಹಿರಿಯರಿಂದ ಕೇಳಿಯೇ ತಿಳಿಯಬೇಕು. ಅತ್ತೆಯವರೋ ಅಜ್ಜಿಯೋ ಪಕ್ಕದಲ್ಲಿ ಕುಳಿತಿರುವಾಗಲೇ ಕಟ್ಟನ್ನು ಬಿಚ್ಚುವುದು ಮೇಲು. ಚೀಟಿಯೂ ಪೆನ್ಸಿಲಿನಲ್ಲಿಯೇ ಇರಲಿ.