ಸೆಕ್ಷನ್ ರದ್ದಾಯ್ತು, ಕೇಸು ನಿಲ್ಲಲಿಲ್ಲ

2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಫೇಸ್‌ಬುಕ್‌ ಪೋಸ್ಟ್ ಹಾಕಿದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರೂ ಅರೆಸ್ಟ್! ಇಂಥ ಕೇಸುಗಳಿಗೆ ದಾರಿಯಾಗಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು.

ಮುಗೀತಲ್ಲ ಅಂದ್ಕೊಂಡ್ರಾ? ಠಾಣೆಗಳಲ್ಲಿ ಅದೇ ಸೆಕ್ಷನ್ನಿನಡಿ ಎಫ್‌ಐಆರ್‌ ಬೀಳ್ತಾನೇ ಇದ್ದವು. 2021ರಲ್ಲಿ ಇದನ್ನು ಕೇಳಿ ಕೋರ್ಟೇ ದಂಗಾಯ್ತು. ಕಾಯ್ದೆ ಪುಸ್ತಕದಲ್ಲಿ ಸೆಕ್ಷನ್ ಹಾಗೇ ಇದೆ, ರದ್ದಾಗಿರೋದು ಅಡಿಟಿಪ್ಪಣಿಯಲ್ಲಿದೆ ಅಂತ ಸರ್ಕಾರದ ವಕೀಲರು ವಿವರಿಸಿದರು. ನಮ್ಮ ಆಫೀಸ್ ಭಾಷೆಯಲ್ಲಿ, ಪ್ಯಾಚ್ ಬಂತು, ಡಿಪ್ಲಾಯ್ ಆಗಲಿಲ್ಲ. ಆದ್ರೆ ತಪ್ಪು ಬರೀ ಪುಸ್ತಕದ್ದು ಅಂತ ನನಗನ್ಸಲ್ಲ. ಕೈಗೆ ರೂಢಿಯಾದ ನಂಬರನ್ನೇ ಬರೆಯೋ ಠಾಣೆಯ ಅಭ್ಯಾಸದ್ದು.

2022ರ ಅಕ್ಟೋಬರ್‌ನಲ್ಲಿ ಕೋರ್ಟ್ ಮತ್ತೆ ಆದೇಶಿಸಬೇಕಾಯ್ತು. ಯಾರಾದ್ರೂ 66ಎ ಅಂತ ಹೆದರಿಸಿದ್ರೆ, ‘ಶ್ರೇಯಾ ಸಿಂಘಾಲ್ ತೀರ್ಪು ನೋಡಿದ್ದೀರಾ ಸಾರ್?’ ಅಂತ ಕೇಳಿ.