ವಿಮೆ ಇಲ್ಲದ ಗಾಡಿ, ಹೊಲದ ಮೇಲಿನ ಬೋಜಾ

ಹೋದ ಹಿಂಗಾರಿ ಜೋಳದ ರಾಶಿಯ ಕಾಲಕ್ಕೆ, ಶಾಲೆ ಬಿಡುವ ಹೊತ್ತಿಗೆ ನಮ್ಮೂರಿನ ರೈತರೊಬ್ಬರು ಬಂದು, "ಮಾಸ್ತರ, ಇದನ್ನೊಂದೀಟ ಓದಿ ಹೇಳ್ರಿ" ಎಂದು ಲಕೋಟೆಯೊಂದನ್ನು ಕೈಗಿತ್ತರು. ವಿಜಯಪುರದ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದ ಸಮನ್ಸು. ಕನ್ನಡದಲ್ಲಿಯೇ ಇತ್ತು, ಆದರೆ ಕೋರ್ಟಿನ ಕನ್ನಡ. ಗಂಡನನ್ನು ಕಳಕೊಂಡ ಹೆಣ್ಣುಮಗಳು, ಎರಡು ಎಳೆಯ ಮಕ್ಕಳು, ಮುದುಕಿ ಅತ್ತೆ, ಇವರು ಅರ್ಜಿದಾರರು. ನಮ್ಮ ರೈತರು ಎದುರುದಾರರು.

"ನಾ ಯಾರಿಗೂ ಹಾಯಿಸಿಲ್ರಿ. ಆ ಗಾಡಿ ಮಾರಿ ವರ್ಷಾತು" ಎಂದರು ಅವರು.

ಸುಳ್ಳಲ್ಲ. ಆ ಮೋಟಾರು ಸೈಕಲ್ಲನ್ನು ತಂಗಿಯ ಮಗನಿಗೆ ಮೂವತ್ತು ಸಾವಿರಕ್ಕೆ ಕೊಟ್ಟಿದ್ದರು. ಮನೆಯವರೊಳಗೆ ಕಾಗದ ಏತಕ್ಕೆ ಎಂದು ಹೆಸರು ಬದಲಾಯಿಸಲಿಲ್ಲ. ಹುಡುಗ ಮದುವೆಯ ಜವಳಿಗೆಂದು ಉಮದಿಯ ಹಾದಿಯಿಂದ ಚಡಚಣಕ್ಕೆ ಹೋಗುವಾಗ, ಮುಸ್ಸಂಜೆಯಲ್ಲಿ ಕೂಲಿ ಮುಗಿಸಿ ನಡೆದಿದ್ದವನಿಗೆ ಹಾಯಿಸಿದ. ಮೂರನೆಯ ದಿನ ಆತ ತೀರಿಕೊಂಡ. ಗಾಡಿಯ ವಿಮೆ ಮುಗಿದು ನಾಲ್ಕು ತಿಂಗಳಾಗಿತ್ತು.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. ರಿಜಿಸ್ಟ್ರಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ ಎಂದು 1988ರ ಮೋಟಾರು ವಾಹನ ಕಾಯಿದೆಯ ನಿಲುವು. ಮಾರಿದ್ದೇನೆ ಎಂಬ ಮಾತು ನೊಂದವರ ಎದುರಿಗೆ ನಡೆಯದೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ. ಮಾರಿದವನು ಒಂದೇ ರಾಜ್ಯದೊಳಗಾದರೆ 14 ದಿನದಲ್ಲಿ ಆರ್.ಟಿ.ಒ. ಕಚೇರಿಗೆ ತಿಳಿಸತಕ್ಕದ್ದು, ಕೊಂಡವನು 30 ದಿನದಲ್ಲಿ ಹೆಸರು ಹಚ್ಚಿಸಿಕೊಳ್ಳತಕ್ಕದ್ದು. ಗಾಡಿ ನಡೆಸಿದವನ ಮೇಲೆ ಪೊಲೀಸ್ ಕೇಸು ಬೇರೆ, ಪರಿಹಾರದ ದಾವೆ ಬೇರೆ. ಜಾಗ್ರತೆಯಿಲ್ಲದೆ ನಡೆಸಿದ್ದು ಗಟ್ಟಿಯಾದರೆ ಪರಿಹಾರವು ನಡೆಸಿದವನ ಮೇಲೂ ಒಡೆಯನ ಮೇಲೂ ಬೀಳುತ್ತದೆ. ವಿಮೆ ಇದ್ದಿದ್ದರೆ ಕಂಪನಿ ತುಂಬುತ್ತಿತ್ತು.

ಎಷ್ಟು ತುಂಬಬೇಕು? ನಾವು ಹಲಗೆಯ ಮೇಲೆಯೇ ಲೆಕ್ಕ ಹಾಕಿ ತೋರಿಸಿದೆವು. ತೀರಿಕೊಂಡವನ ವಯಸ್ಸು 32. ತಿಂಗಳ ದುಡಿಮೆ 10,000 ರೂ. ಎಂದು ಹಿಡಿಯಿರಿ. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆಂದು ನೂರಕ್ಕೆ 40 ಕೂಡಿಸಿದರೆ 14,000, ವರ್ಷಕ್ಕೆ 1,68,000. ಅವನ ಸ್ವಂತ ಖರ್ಚೆಂದು, ಅವಲಂಬಿತರು ನಾಲ್ವರಿರುವುದರಿಂದ, ಕಾಲುಭಾಗ ಕಳೆದರೆ 1,26,000. ಆ ವಯಸ್ಸಿಗೆ ಗುಣಕ 16. ಒಟ್ಟು 20,16,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದವು, ಮೇಲೆ ಬಡ್ಡಿ, ಬೇರೆ. ಲೆಕ್ಕದ ಈ ರೀತಿಯನ್ನು ಸುಪ್ರೀಂ ಕೋರ್ಟೇ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟಿದೆ. ರೈತರು ಹಲಗೆಯನ್ನೇ ನೋಡುತ್ತ ಕುಳಿತರು. ಅವರಿಗಿರುವುದು ಎರಡು ಎಕರೆ ದಾಳಿಂಬೆ, ಒಂದು ಬಾವಿ.

ಎದುರಿಗೆ ಇನ್ನೊಂದು ಅಂಕಿ ಬರೆದೆವು: 714. ಅವರ ಗಾಡಿಯಂಥ 75ರಿಂದ 150 ಸಿ.ಸಿ.ಯ ಮೋಟಾರು ಸೈಕಲ್ಲಿಗೆ 2022ರ ಜೂನ್ 1ರಿಂದ ಗೊತ್ತುಮಾಡಿದ ಮೂರನೆಯವರ ವಿಮೆಯ ವರ್ಷದ ಕಂತು, ತೆರಿಗೆ ಬಿಟ್ಟು.

ದುಡ್ಡು ಕೊಡದೆ ಕುಳಿತರೆ? ನ್ಯಾಯಾಧಿಕರಣವು ಕಲೆಕ್ಟರರಿಗೆ ದಾಖಲೆ ಕಳಿಸಿದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಆಗ ನಮ್ಮ ಸಾತಬಾರಾ ಉತಾರೆಯ ಮೇಲೆ ಬೋಜಾ ಏರಬಹುದು. ಅಪಘಾತ ಕರ್ನಾಟಕದ್ದು, ನಮ್ಮ ಹೊಲ ಮಹಾರಾಷ್ಟ್ರದ್ದು ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅರ್ಜಿದಾರರು ತಾವಿರುವಲ್ಲಿ, ಅಪಘಾತವಾದಲ್ಲಿ, ಎದುರುದಾರರಿರುವಲ್ಲಿ, ಎಲ್ಲಿ ಬೇಕಾದರೂ ದಾವೆ ಹೂಡಬಹುದು. ಇದು ನ್ಯಾಯವೇ, ನಾಳೆ ನಮ್ಮ ಮನೆಯವರಿಗೆ ಹೊರಗಿನ ಗಾಡಿ ಹಾಯಿಸಿದರೆ ನಾವೂ ಸಾಂಗಲಿ ಜಿಲ್ಲೆಯಲ್ಲಿಯೇ ಕೇಳಬಹುದಲ್ಲ.

ವಿಮೆ ಮರೆಯುವುದಕ್ಕೆ ಒಂದು ಕಾರಣವೂ ಇದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಮೋಟಾರು ಸೈಕಲ್ಲಿಗೆ ಐದು ವರ್ಷದ ಮೂರನೆಯವರ ವಿಮೆಯನ್ನು ಕೊಳ್ಳುವಾಗಲೇ ಮಾಡಿಸುತ್ತಾರೆ. ಐದು ವರ್ಷ ಯಾರೂ ಕೇಳುವುದಿಲ್ಲ, ಆರನೆಯ ವರ್ಷ ನೆನಪಾಗುವುದಿಲ್ಲ. ಅಂದು ರಾತ್ರಿ ನಾವೂ ಪೆಟ್ಟಿಗೆ ತೆಗೆದು ನಮ್ಮ ಗಾಡಿಯ ಕಾಗದ ನೋಡಿದೆವು. ಮುಗಿದು 19 ದಿನವಾಗಿತ್ತು. ದಿನಾಲು ಹಲಗೆಯ ಮೇಲೆ ತಾರೀಖು ಬರೆಯುವವರು ನಾವು! ಮಾರನೆಯ ದಿನ ನಡೆದೇ ಶಾಲೆಗೆ ಹೋಗಿ, ವಿಮೆ ಕಟ್ಟಿದ ಮೇಲೆ ಗಾಡಿ ಮುಟ್ಟಿದೆವು. ಸಿಕ್ಕಿಬಿದ್ದಿದ್ದರೆ ಮೊದಲ ಸಲಕ್ಕೆ 2,000 ರೂ. ದಂಡ, ಇಲ್ಲವೆ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ.

ಟ್ರ್ಯಾಕ್ಟರು ಇಟ್ಟವರು ಟ್ರೇಲರಿನ ವಿಮೆಯನ್ನೂ ನೋಡಿಕೊಳ್ಳಿರಿ. ಜಾತ್ರೆಗೆ ಅದರಲ್ಲಿ ಜನ ತುಂಬಿಕೊಂಡು ಹೋದರೆ, ವಿಮೆ ಇದ್ದರೂ ಆ ಜನರ ಹೊಣೆ ಒಡೆಯನ ತಲೆಗೇ ಬರುವ ಸಂಭವ ಹೆಚ್ಚು.

ನಮ್ಮ ರೈತರಿಗೆ ನಾವು ಹೇಳಿದ್ದಿಷ್ಟೆ: ತಾರೀಖು ತಪ್ಪಿಸಬೇಡಿರಿ, ವಕೀಲರನ್ನು ಹಿಡಿಯಿರಿ, ನಿಜ ಹೇಳಿರಿ, ಆಗುವಷ್ಟಕ್ಕೆ ರಾಜಿಯ ಮಾತು ತೆಗೆಯಿರಿ. ಆ ಹೆಣ್ಣುಮಗಳೂ ಕೂಲಿಯವಳೇ. ದಾವೆ ಇನ್ನೂ ನಡೆದಿದೆ. ತಾರೀಖಿನ ದಿನ ಮಾವ, ಅಳಿಯ ಇಬ್ಬರೂ ಒಂದೇ ಬಸ್ಸಿಗೆ ವಿಜಯಪುರಕ್ಕೆ ಹೋಗುತ್ತಾರೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಕೂಡುತ್ತಾರೆ.