ಪರೀಕ್ಷೆ ಮುಗಿದ ಮೇಲಿನ ದಣಿವು

ಕರ್ನಾಟಕದ ಬಹುಪಾಲು ಪದವಿ ಹಾಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೆಸ ಸೆಮಿಸ್ಟರಿನ ಪರೀಕ್ಷೆಗಳು ಡಿಸೆಂಬರ್, ಜನವರಿಯ ಆಸುಪಾಸಿನಲ್ಲಿ ನಡೆಯುವುದರಿಂದ, ಅವುಗಳ ಬೆನ್ನಿಗೇ ಸಿಗುವ ಚಿಕ್ಕ ರಜೆ ಚಳಿಗಾಲದಲ್ಲಿ ಬೀಳುತ್ತದೆ. ಹಾಸ್ಟೆಲ್ಲಿನಿಂದ ಊರಿಗೆ ಮರಳುವ ವಿದ್ಯಾರ್ಥಿ ನಾಲ್ಕು ದಿನ ಹೊದ್ದು ಮಲಗಿದರೆ ದಣಿವು ತಾನಾಗಿ ಕಳೆಯುತ್ತದೆ ಎಂಬ ನಂಬಿಕೆ ಮನೆಮಂದಿಯಲ್ಲಿ ವ್ಯಾಪಕವಾಗಿದ್ದರೂ, ರಜೆ ತೀರುವ ಹೊತ್ತಿಗೆ ಅದೇ ವಿದ್ಯಾರ್ಥಿ ಬಂದಾಗಿನಷ್ಟೇ ಬಸವಳಿದಿರುವುದು ಅಪರೂಪವೇನಲ್ಲ.

ಪರೀಕ್ಷೆಯ ಒತ್ತಡ ಮನಸ್ಸಿಗಷ್ಟೇ ಸೀಮಿತವಾದುದಲ್ಲ ಎಂಬುದಕ್ಕೆ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಒಳ್ಳೆಯ ನಿದರ್ಶನ. 11 ಮಂದಿ ದಂತವೈದ್ಯಕೀಯ ವಿದ್ಯಾರ್ಥಿಗಳ ಅಂಗುಳಿನಲ್ಲಿ 3.5 ಮಿಲಿಮೀಟರ್ ಅಗಲದ ಪುಟ್ಟ ಗಾಯವನ್ನು ಬೇಸಿಗೆ ರಜೆಯಲ್ಲಿ ಒಮ್ಮೆ, ಪ್ರಮುಖ ಪರೀಕ್ಷೆಗೆ ಮೂರು ದಿನ ಮುಂಚೆ ಇನ್ನೊಮ್ಮೆ ಮಾಡಿ, ಅದು ಮಾಯುವ ವೇಗವನ್ನು ಅಳೆದಾಗ, ಪರೀಕ್ಷಾಕಾಲದ ಗಾಯ ವಾಸಿಯಾಗಲು ಸರಾಸರಿ ಶೇ. 40ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಹನ್ನೊಂದು ಸಣ್ಣ ಸಂಖ್ಯೆಯೇ ಹೌದು. ಆದರೆ ಅವರಲ್ಲಿ ಒಬ್ಬರೂ ಇದಕ್ಕೆ ಹೊರತಾಗಿರಲಿಲ್ಲ. ಒತ್ತಡದ ವೇಳೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸೋಲ್ ಎಂಬ ಹಾರ್ಮೋನು, ತುರ್ತಿಗೆ ಬೇಕಾದ ಶಕ್ತಿಯನ್ನು ಒದಗಿಸುವುದರ ಜೊತೆಗೆ ರೋಗನಿರೋಧಕ ವ್ಯವಸ್ಥೆಯ ಕೆಲವು ಕೆಲಸಗಳನ್ನು ತಗ್ಗಿಸುತ್ತದೆಂಬುದು ಇದರ ಹಿಂದಿರುವ ಮುಖ್ಯ ಕಾರಣಗಳಲ್ಲೊಂದು.

ನಿದ್ದೆಯ ಮಾತು ಇದಕ್ಕಿಂತ ತುಸು ಜಟಿಲವಾದುದು. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತಾ ನಿದ್ದೆಯನ್ನು ಒತ್ತಾಯಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಕುಡಿಯುವ ಕಾಫಿಯಲ್ಲಿರುವ ಕೆಫೀನ್ ಆ ಒತ್ತಾಯ ಮಿದುಳಿಗೆ ತಲುಪದಂತೆ ತಡೆಯುತ್ತದೆಯೇ ಹೊರತು ನಿದ್ದೆಯ ಬಾಕಿಯನ್ನು ತೀರಿಸುವುದಿಲ್ಲ. ಆ ಬಾಕಿಯನ್ನು ರಜೆಯಲ್ಲಿ ತೀರಿಸಬೇಕಾದುದು ನ್ಯಾಯವೇ. ಆದರೆ ನಡುರಾತ್ರಿ ಎರಡರವರೆಗೆ ಮೊಬೈಲು ನೋಡಿ ಮಧ್ಯಾಹ್ನ ಹನ್ನೆರಡಕ್ಕೆ ಏಳುವ ಕ್ರಮದಲ್ಲಿ, ಬೆಳಗಿನ ಬೆಳಕನ್ನು ಕಂಡು ಹೊಂದಿಕೊಳ್ಳುವ ದೇಹದ ಒಳಗಡಿಯಾರ ಹಿಂದೆ ಸರಿದು, ಕಾಲೇಜು ಮತ್ತೆ ತೆರೆದಾಗ ದೂರದೇಶದ ವಿಮಾನ ಇಳಿದವರಿಗಾಗುವಂಥ ತೊಳಲಾಟ ಎದುರಾಗುತ್ತದೆ. ಇದನ್ನು ನಿದ್ರಾವಿಜ್ಞಾನಿಗಳು 'ಸಾಮಾಜಿಕ ಜೆಟ್‌ಲ್ಯಾಗ್' ಎನ್ನುತ್ತಾರೆ. ಏಳುವ ಹೊತ್ತನ್ನು ಹೆಚ್ಚು ಬದಲಿಸದೆ ರಾತ್ರಿ ಬೇಗ ಮಲಗುವುದು, ಸಾಲದಿದ್ದರೆ ಊಟದ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚುವುದು ಹೆಚ್ಚು ಉಪಯುಕ್ತ.

ದೇಹ ಮಲಗಿದರೂ ಮನಸ್ಸು ಪರೀಕ್ಷಾ ಕೊಠಡಿಯಲ್ಲೇ ಉಳಿದಿದ್ದರೆ ಏನಾಗುತ್ತದೆಂಬ ಪ್ರಶ್ನೆಗೆ, ದುಡಿಮೆಯ ಬಳಿಕದ ಚೇತರಿಕೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆಯರಾದ ಸಬೀನ್ ಸೊನೆನ್‌ಟಾಗ್ ಮತ್ತು ಶಾರ್ಲೆಟ್ ಫ್ರಿಟ್ಜ್ 2007ರಲ್ಲಿ ಮುಂದಿಟ್ಟ ವಿಂಗಡಣೆ ಉತ್ತರ ನೀಡುತ್ತದೆ. ಕೆಲಸದ ಯೋಚನೆಯಿಂದ ಪೂರ್ತಿ ಬಿಡುಗಡೆ, ಮೈಮನಗಳ ನಿರಾಳತೆ, ಹೊಸದೊಂದನ್ನು ಕಲಿತು ಸಾಧಿಸಿದ ಅನುಭವ ಮತ್ತು ಬಿಡುವಿನ ವೇಳೆಯ ಮೇಲೆ ಸ್ವಂತ ಹಿಡಿತ ಎಂಬ ನಾಲ್ಕು ಅಂಶಗಳನ್ನು ಅವರು ಗುರುತಿಸಿದರು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಐದು ಅಂಕದ ಪ್ರಶ್ನೆಗೆ ಯಾರು ಏನು ಬರೆದರೆಂಬ ಚರ್ಚೆಯನ್ನು ಹಾಸಿಗೆಯಲ್ಲೇ ಓದುತ್ತಿರುವವರಿಗೆ ಮೊದಲನೆಯದು ದಕ್ಕಿರುವುದಿಲ್ಲ. ಬಂದ ದಿನವೇ ಎಷ್ಟು ಪರ್ಸೆಂಟ್ ಬರಬಹುದೆಂದು ಕೇಳುವ ನೆಂಟರೂ ಆ ಗುಂಪಿನ ಸದಸ್ಯರೇ ಎನ್ನಬೇಕು.

ಮೂರನೆಯ ಅಂಶವನ್ನು ಒದಗಿಸುವ ಸಾಮಗ್ರಿ ಕರ್ನಾಟಕದ ಚಳಿಗಾಲದಲ್ಲಿ ಹೇರಳವಾಗಿದೆ. ಮಲೆನಾಡಿನಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಸಂಜೆಯ ಮೇಲೆ ಮನೆಯವರೂ ನೆರೆಯವರೂ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿಯಡಿಕೆ ಸುಲಿಯುವಾಗ, ಬೆರಳು ಕೊಯ್ದುಕೊಳ್ಳದಂತೆ ಕೈಯ ಮೇಲೆ ನಿಗಾ ಇಡಲೇಬೇಕಾದುದರಿಂದ ಅಂಕಗಳ ಲೆಕ್ಕಕ್ಕೆ ತಲೆಯಲ್ಲಿ ಜಾಗ ಉಳಿಯುವುದಿಲ್ಲ, ಮಾತುಕತೆಗೆ ಮಾತ್ರ ಧಾರಾಳವಾಗಿ ಉಳಿಯುತ್ತದೆ. ಉತ್ತರ ಕರ್ನಾಟಕದಲ್ಲಿ ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿಯನ್ನು ಒಟ್ಟಾಗಿ ಉಣ್ಣುವ ಒಂದು ಹಗಲು ನಾಲ್ಕರಲ್ಲಿ ಕಡಿಮೆಯೆಂದರೂ ಎರಡನ್ನು ಒಮ್ಮೆಲೇ ಪೂರೈಸುತ್ತದೆ. ಆದರೆ ಹೇಗೂ ಬಿಡುವಾಗಿದ್ದಾನೆಂದು ಮಗನನ್ನೋ, ಹೆಣ್ಣೆಂಬ ಕಾರಣಕ್ಕೆ ಮಗಳನ್ನು ಅವನಿಗಿಂತ ಹೆಚ್ಚಾಗಿಯೋ, ಕೇಳದೆಯೇ ಕೆಲಸಕ್ಕೆ ಹಚ್ಚಿದಾಗ ನಾಲ್ಕನೆಯ ಅಂಶವಾದ ಸ್ವಂತ ಹಿಡಿತ ತಪ್ಪಿ, ಅದೇ ಕೆಲಸ ಇನ್ನೊಂದು ದಣಿವಾಗುತ್ತದೆ.

ಇಷ್ಟೆಲ್ಲ ಕೂಡಿಬಂದರೂ ರಜೆಯ ಫಲ ಬಹುಕಾಲ ಬಾಳುವುದಿಲ್ಲ. ಉದ್ಯೋಗಿಗಳ ರಜೆಯನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕೆಲಸಕ್ಕೆ ಮರಳಿದ ಎರಡರಿಂದ ನಾಲ್ಕು ವಾರಗಳಲ್ಲಿ ಆ ಲವಲವಿಕೆ ಕರಗಿರುತ್ತದೆ. ವಿದ್ಯಾರ್ಥಿಗಳಿಗೂ ಇದೇ ಅನ್ವಯಿಸುವುದಾದರೆ, ಹೊಸ ಸೆಮಿಸ್ಟರಿನ ಮೊದಲ ಆಂತರಿಕ ಪರೀಕ್ಷೆಯ ವೇಳಾಪಟ್ಟಿ ಸೂಚನಾಫಲಕಕ್ಕೆ ಬರುವ ಹೊತ್ತಿಗೆ ಆ ರಜೆಯ ವಿಶ್ರಾಂತಿ ಆಗಲೇ ಖರ್ಚಾಗಿರುತ್ತದೆ.